ಹೇಸರಗತ್ತೆಯನ್ನು ಇಟ್ಟುಕೊಂಡಿದ್ದ ಮನೆ

ನಮ್ಮ ಲಾಸ್ ಪತಾಗ್ವಾಸ್‌ನಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಕೊಯ್ದ ಗೋಧಿ ಹೊಲದ ಒಣ ವಾಸನೆ, ಹಿತ್ತಲಲ್ಲಿ ಬಿರಿದ ಮೊದಲ ಅಂಜೂರ, ಪ್ರತಿ ಬಾಗಿಲ ಪಕ್ಕದಲ್ಲೂ ಕಾಮಕಸ್ತೂರಿಯ ಕುಂಡ. ಹೆಂಗಸರು ಹಳೆಯ ಎಣ್ಣೆ ಡಬ್ಬಿಗಳಲ್ಲಿ ಗೋಧಿ ಮೊಳಕೆ ಹಾಕಿ ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಯಿಟ್ಟು ತೋರಿಸುವ ಗೋದಲಿಗೆ ಹಸಿರು ಬೆಳೆಸುತ್ತಿದ್ದರು. ನಮ್ಮ ಕಡೆ ಡಿಸೆಂಬರೆಂದರೆ ನಡುಬೇಸಿಗೆ, ಹಿಮವೆಲ್ಲ ಬೆಟ್ಟದ ನೆತ್ತಿಗೆ ಸರಿದುಬಿಟ್ಟಿರುತ್ತಿತ್ತು. ಕೆಳಗೆ ಬಿಸಿಲಿಗೆ ನಾಯಿಗಳು ಕೂಡ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಈಗಲೂ ಡಿಸೆಂಬರಿನಲ್ಲಿ ಆ ವಾಸನೆ ಬರುತ್ತದೆ. ಅದರ ಬೆನ್ನಿಗೇ ಬರುತ್ತಿದ್ದ ಗಂಟೆಯ ಸದ್ದು ಮಾತ್ರ ಬರುವುದಿಲ್ಲ. ಎವಾರಿಸ್ತೊ ಕಾತಲಾನ್ ತನ್ನ ಹೇಸರಗತ್ತೆಗಳ ಸಾಲನ್ನು ಬೆಟ್ಟದಿಂದ ಇಳಿಸಿಕೊಂಡು ಬರುತ್ತಿದ್ದ ಸದ್ದು ಅದು. ಮುಂದೆ ಕೊರಳಿಗೆ ಗಂಟೆ ಕಟ್ಟಿದ ಹೆಣ್ಣುಕುದುರೆ, ಅದರ ಹಿಂದೆ ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿಕೊಂಡ ಹೇಸರಗತ್ತೆಗಳು, ಎಲ್ಲಕ್ಕೂ ಹಿಂದೆ ದೂಳು ಕುಡಿಯುತ್ತ ಎವಾರಿಸ್ತೊ. ಗಂಟೆ ಕೇಳಿದೊಡನೆ ಅವನ ಹೆಂಡತಿ ಕ್ಲೊರಿಂದ ಒಲೆಯ ಮೇಲೆ ನೀರಿಟ್ಟು, ಬೇಲಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ನಾನು ಹೇಳಹೊರಟಿರುವುದು ಈ ಕ್ಲೊರಿಂದಳ ಕಥೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ನಮ್ಮ ಹಾಡಿನ ಕಥೆ ಹೇಳಬೇಕು.

ನಾವು ದೇವರ ಪದ ಹಾಡುವ ಜನ. ಗಿಟಾರ್ ಹಿಡಿದು ವೃತ್ತವಾಗಿ ಕೂರುತ್ತೇವೆ. ಹಿರಿಯನೊಬ್ಬ ವಿಷಯ ಎತ್ತಿಕೊಡುತ್ತಾನೆ: ಸೃಷ್ಟಿ, ಜಲಪ್ರಳಯ, ಜನನ, ಶಿಲುಬೆ, ಯಾವುದಾದರೊಂದು. ಆಮೇಲೆ ಸುತ್ತು ಮುಗಿಯುವವರೆಗೆ ಅದೇ ವಿಷಯ. ಒಂದು ನುಡಿಗೆ ಹತ್ತು ಸಾಲು, ಒಂದು ಪದಕ್ಕೆ ಅಂಥ ನಾಲ್ಕು ನುಡಿ, ಕೊನೆಗೆ ಬೀಳ್ಕೊಡುಗೆಯ ಒಂದು ನುಡಿ. ನಾಲ್ಕು ನುಡಿ ಹಿರಿಯರ ಆಸ್ತಿ. ತಾತನ ಬಾಯಿಂದ ಅಪ್ಪನಿಗೆ, ಅಪ್ಪನ ಬಾಯಿಂದ ಮಗನಿಗೆ ಬಂದದ್ದು. ಅದರಲ್ಲಿ ಒಂದು ಮಾತನ್ನು ಕದಲಿಸಿದರೂ ಪಕ್ಕದಲ್ಲಿ ಕೂತವನು ತಂತಿಯ ಮೇಲೆ ಅಂಗೈಯಿಟ್ಟು ಹಾಡು ನಿಲ್ಲಿಸಿಬಿಡುತ್ತಾನೆ. ಬೀಳ್ಕೊಡುಗೆ ಮಾತ್ರ ಹಾಡುವವನ ಸ್ವಂತದ್ದು. ಅಲ್ಲಿ ಅವನು ಏನು ಬೇಕಾದರೂ ಹೇಳಬಹುದು. ಹಾಗೆಂದು ಹೇಳುವವರು ಕಡಿಮೆ. ಅಪ್ಪ ಕಲಿಸಿದ ಬೀಳ್ಕೊಡುಗೆಯನ್ನೇ ಹೇಳಿ, ಗಂಟಲು ಒದ್ದೆ ಮಾಡಿಕೊಳ್ಳಲು ದ್ರಾಕ್ಷಾರಸದ ಕಡೆ ಕೈ ಚಾಚುವವರೇ ಬಹಳ.

ಆ ಪದಗಳಲ್ಲಿ ಪ್ರಾಣಿಗಳೆಲ್ಲ ಧರ್ಮದ ಕೆಲಸಕ್ಕೆ ನಿಂತಿವೆ. ಹುಂಜ ಬರೀ ಹುಂಜವಲ್ಲ, ಅದು ಸಾಕ್ಷಿ. ಜನನವನ್ನು ಮೊದಲು ಕೂಗಿ ಹೇಳಿದ್ದೂ ಅದೇ, ಪೇತ್ರನ ಸುಳ್ಳನ್ನು ಬಯಲಿಗೆಳೆದದ್ದೂ ಅದೇ. ಕುರಿಮರಿಯೆಂದರೆ ಬಲಿ. ಪಾರಿವಾಳವೆಂದರೆ ನೀರು ಇಳಿದ ಸುದ್ದಿ, ಕಾಗೆಯೆಂದರೆ ಕಳಿಸಿದ ಕೆಲಸ ಮರೆತು ಹೆಣ ತಿನ್ನುತ್ತ ಕೂತ ಆತ್ಮ. ಬಾನಾಡಿ ಹಕ್ಕಿ ಸ್ವಾಮಿಯ ಹಣೆಯಿಂದ ಮುಳ್ಳು ಕಿತ್ತದ್ದರಿಂದ ಅದರ ಗೂಡಿಗೆ ಯಾರೂ ಕೋಲು ಹಾಕುವುದಿಲ್ಲ. ಇವನ್ನೆಲ್ಲ ಯಾವ ಪಾಠಶಾಲೆಯೂ ನಮಗೆ ಕಲಿಸಲಿಲ್ಲ. ಹಾಡುತ್ತ ಹಾಡುತ್ತ, ಬೇಲಿಯ ಮೇಲಿನ ಹಕ್ಕಿಯನ್ನು ನೋಡಿದರೆ ಅದರ ಹಿಂದಿನ ಕಥೆಯೇ ಮೊದಲು ಕಾಣುವಷ್ಟು ನಮ್ಮ ಕಣ್ಣು ಪಳಗಿತ್ತು.

ಗೋದಲಿಯಲ್ಲಿ ಎರಡು ಮುಖ್ಯ ಪ್ರಾಣಿ. ಎತ್ತು ಉಸಿರು ಬಿಟ್ಟು ಕಂದನನ್ನು ಬೆಚ್ಚಗೆ ಮಾಡಿತು, ಅದಕ್ಕೇ ಅದು ಪುಣ್ಯದ ಪ್ರಾಣಿ. ಹೇಸರಗತ್ತೆ ಕಂದನ ಕೆಳಗೆ ಹಾಸಿದ್ದ ಹುಲ್ಲನ್ನೇ ತಿಂದಿತು. ತಾಯಿ ಮರಿಯಮ್ಮ ನೊಂದು, ನೀನು ಎಂದೆಂದೂ ಹೆರದಿರು ಎಂದು ಶಾಪ ಕೊಟ್ಟಳು. ಹೇಸರಗತ್ತೆ ಬಂಜೆಯಾದದ್ದು ಹೀಗೆ ಎಂದು ಹಿರಿಯರ ಪದ ಹೇಳುತ್ತದೆ.

ನಮ್ಮ ಪ್ರಾರ್ಥನಾಮಂದಿರದ ಗೋದಲಿಯ ಬೊಂಬೆಗಳು ಸುಟ್ಟ ಮಣ್ಣಿನವು. ನನ್ನ ಅಜ್ಜನ ಕಾಲದಲ್ಲಿ ಭೂಮಿ ನಡುಗಿದಾಗ ಬೊಂಬೆ ಇಟ್ಟಿದ್ದ ಪೆಟ್ಟಿಗೆಯ ಮೇಲೆ ಗೋಡೆ ಬಿದ್ದು ಎಲ್ಲವೂ ಒಟ್ಟಿಗೆ ಪುಡಿಯಾಗಿತ್ತಂತೆ. ಹೊಸದು ಮಾಡಿಸಿದಾಗ ಹಿರಿಯರು ಒಂದು ಉಪಾಯ ಹುಡುಕಿದರು: ಒಂದೊಂದು ಬೊಂಬೆ ಒಂದೊಂದು ಮನೆಯಲ್ಲಿರಲಿ, ಮುಂದೆ ನೆಲ ನಡುಗಿದರೂ ಎಲ್ಲ ಮನೆಯೂ ಒಟ್ಟಿಗೆ ಬೀಳುವುದಿಲ್ಲವಲ್ಲ. ಅಂದಿನಿಂದ ಪ್ರಾಣಿಗಳು ವರ್ಷವೆಲ್ಲ ಮನೆಗಳಲ್ಲಿ ಬಿಡಾರ ಮಾಡುತ್ತವೆ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಆ ಮನೆಯ ಹೆಂಗಸು ಬೊಂಬೆ ತರುತ್ತಾಳೆ, ಆ ಮನೆಯ ಗಂಡಸು ಅದರ ಪದ ಹಾಡುತ್ತಾನೆ, ಆಮೇಲೆ ಹೆಂಗಸು ಅದನ್ನು ಗೋದಲಿಯಲ್ಲಿ ಇಡುತ್ತಾಳೆ. ಪದ ಹಾಡದೆ ಯಾವ ಪ್ರಾಣಿಯೂ ಒಳಗೆ ಹೋಗುವಂತಿಲ್ಲ. ಎತ್ತು ಹಾಡಿನ ಸುತ್ತಿನ ಹಿರಿಯರಾದ ದೋನ್ ಫ್ರೊಯಿಲಾನ್ ಮನೆಯಲ್ಲಿತ್ತು, ಹುಂಜ ದೋನ್ಯಾ ಒರ್ತೆನ್ಸಿಯಳ ಮನೆಯಲ್ಲಿ, ಕುರಿ ನಮ್ಮ ಮನೆಯಲ್ಲಿ. ಹೇಸರಗತ್ತೆಯನ್ನು ಒಬ್ಬ ಮುದಿ ವಿಧವೆ ಇಟ್ಟುಕೊಂಡಿದ್ದಳು, ಅವಳ ಪರವಾಗಿ ಎವಾರಿಸ್ತೊನ ಅಪ್ಪ ಪದ ಹಾಡುತ್ತಿದ್ದ. ಅವಳು ತೀರಿಕೊಂಡ ವರ್ಷ ಬೊಂಬೆ ಮಂದಿರದ ಜಗಲಿಯ ಮೇಲೆ ಅನಾಥವಾಗಿ ಕೂತಿತು.

"ಯಾರಾದ್ರೂ ತಗೊಳ್ರಪ್ಪಾ," ಅಂದರು ದೋನ್ ಫ್ರೊಯಿಲಾನ್. "ಮಣ್ಣಿನ ಬೊಂಬೆ, ಒದೆಯಲ್ಲ."

"ನಮ್ಮನೇಲಿ ಹೆಣ್ಮಕ್ಕಳು ಮದ್ವೆಗಿದಾರೆ. ನೀವೇ ಇಟ್ಕೊಳಿ, ಎತ್ತಿನ ಜೊತೆಗಿರ್ಲಿ," ಅಂದ ಒಬ್ಬ.

"ನನ್ನ ಹೆಂಡ್ತಿ ನನ್ನೂ ಅದನ್ನೂ ಒಟ್ಟಿಗೇ ಹೊರಕ್ಕೆ ಹಾಕ್ತಾಳೆ ಕಣಯ್ಯಾ."

ಎವಾರಿಸ್ತೊ ಆಗಷ್ಟೇ ಮದುವೆಯಾಗಿದ್ದ. ಎದ್ದು ಬಂದು ಬೊಂಬೆಯ ಮೇಲಿನ ದೂಳು ಒರೆಸಿದ. "ಕೊಡಿ ಇಲ್ಲಿ. ನಮ್ಮಪ್ಪ ಉಂಡಿದ್ದು ಇದರ ಬೆನ್ನಿಂದ, ನಾನು ಉಣ್ತಿರೋದೂ ಇದರ ಬೆನ್ನಿಂದ. ಇದಕ್ಕೆ ನಮ್ಮನೇಲಿ ಜಾಗ ಇಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ."

ಒರ್ತೆನ್ಸಿಯ ಹೌಹಾರಿದಳು. "ಮದ್ವೆ ಹೂವು ಇನ್ನೂ ಬಾಡಿಲ್ವಲ್ಲೋ! ಆ ಹುಡುಗೀನ ಒಂದು ಮಾತು ಕೇಳಿದ್ಯಾ?"

ಕ್ಲೊರಿಂದ ಹಿಂದೆ ಅಂಜೂರದ ಬುಟ್ಟಿ ಹಿಡಿದು ನಿಂತಿದ್ದಳು. "ಕೇಳೋದೇನಿದೆ? ಮನೇಲಿರೋ ಹೇಸರಗತ್ತೆಗಳಲ್ಲಿ ಮೇವು ಕೇಳದೇ ಇರೋದು ಇದೊಂದೇ," ಅಂದಳು. ಜಗಲಿಯೆಲ್ಲ ನಕ್ಕಿತು. ಆಗ ಅವಳ ಕೆನ್ನೆ ಏಪ್ರಿಕಾಟ್ ಹಣ್ಣಿನ ಹಾಗಿತ್ತು.

ಅವರಿಗೆ ಮಕ್ಕಳಾಗಲಿಲ್ಲ.

ಮೊದಮೊದಲು ಊರು ಕಾಯಿತು. ಆಮೇಲೆ ಲೆಕ್ಕ ಹಾಕಿತು. ಆಮೇಲೆ ತೀರ್ಪು ಕೊಟ್ಟಿತು: ಶಾಪದ ಪ್ರಾಣಿಯನ್ನು ಹೊಸ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡರೆ ಇನ್ನೇನಾಗುತ್ತದೆ? ಬಸುರಿಯರು ಅವರ ಬೇಲಿ ಬಂದಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಮಗುವನ್ನು ಎತ್ತಿ ಹಿಡಿಯುವ ಜ್ಞಾನಸ್ನಾನದ ತಾಯಿಯಾಗಿ ಯಾರೂ ಅವಳನ್ನು ಕರೆಯಲಿಲ್ಲ. ನನ್ನ ಹಿರಿಯ ಮಗಳಿಗೆ ನಾನು ಎವಾರಿಸ್ತೊನನ್ನೂ ಕ್ಲೊರಿಂದಳನ್ನೂ ಜ್ಞಾನಸ್ನಾನದ ತಂದೆತಾಯಿಯಾಗಿ ಕರೆದಾಗ ನನ್ನ ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಕ್ಲೊರಿಂದ ಮಗುವನ್ನು ಎತ್ತಿಕೊಂಡ ರೀತಿ ನೋಡಿದ ಮೇಲೆಯೇ ಅವಳ ಬಾಯಿ ಮತ್ತೆ ತೆರೆದದ್ದು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ಅವಳು ಕೊಮಾದ್ರೆ. ನಮ್ಮಲ್ಲಿ ಈ ನಂಟು ರಕ್ತದ ನಂಟಿಗಿಂತ ಗಟ್ಟಿ.

ರೊಟ್ಟಿ ಸುಡುವ ಸಾಮೂಹಿಕ ಒಲೆಯ ಹತ್ತಿರ ಒರ್ತೆನ್ಸಿಯ ಅವಳನ್ನು ಬಿಡುತ್ತಿರಲಿಲ್ಲ. "ದಾರಿ ಬಿಡೇ ಹೇಸರಗತ್ತೆ, ಮಕ್ಕಳೊಂದಿಗಳು ಬರ್ತಿದೀನಿ."

"ಬಾ ತಾಯಿ ಬಾ," ಅನ್ನುತ್ತಿದ್ದಳು ಕ್ಲೊರಿಂದ, ಹಿಟ್ಟಿನ ಕೈ ಕೊಡವುತ್ತ. "ಹೊರೆ ಜಾಸ್ತಿ ಇದ್ರೆ ನನ್ನ ಬೆನ್ನ ಮೇಲೆ ಹೇರು. ನಿನ್ನ ಗಂಡನ್ನ ಮಾತ್ರ ಹೇರ್ಬೇಡ. ಕುಡಿದಾಗ ಅವನು ಬಲು ಭಾರ."

ಒಲೆಯ ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು, ಒರ್ತೆನ್ಸಿಯಳೂ ನಗುತ್ತಿದ್ದಳು. ಅವಳದು ಕೆಟ್ಟ ಜೀವವಲ್ಲ. ನಾಲಿಗೆ ಉದ್ದ, ಅಷ್ಟೆ. ಕ್ಲೊರಿಂದ ರೊಟ್ಟಿಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹೋಗುವಾಗ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಅವಳನ್ನು ನಿಜವಾಗಿ ಕುಟುಕುತ್ತಿದ್ದುದು ಆ ಮಾತಲ್ಲ, ಗಂಡನೇ ಹಾಡಬೇಕಾಗಿದ್ದ ಪದ ಎಂದು ನಾವೆಲ್ಲ ತಿಳಿದಿದ್ದೆವು. ಪ್ರತಿ ಕ್ರಿಸ್‌ಮಸ್‌ಗೂ ಮಂದಿರದ ಮುಂದೆ ಗೋದಲಿ ಹೂಡುತ್ತಿದ್ದ ದ್ರಾಕ್ಷಿ ಚಪ್ಪರದ ಕೆಳಗೆ ಅವಳು ಬೊಂಬೆಯನ್ನು ಎದೆಗೆ ಒತ್ತಿ ನಿಲ್ಲುತ್ತಿದ್ದಳು. ಅವನು ಗಿಟಾರ್ ಹಿಡಿದು ಕೂರುತ್ತಿದ್ದ. ಮೊದಲೆರಡು ನುಡಿಯನ್ನು ಅವನು ಗಟ್ಟಿಯಾಗಿ ಹಾಡುತ್ತಿದ್ದ, ಬೆಟ್ಟದಲ್ಲಿ ಜಾನುವಾರು ಕೂಗಿ ಪಳಗಿದ ಗಂಟಲು. ಮೂರನೆಯ ನುಡಿಗೆ ಬಂದಾಗ ದನಿ ಇಳಿಯುತ್ತಿತ್ತು.

ಎತ್ತು ಉಸಿರ ಹೊದಿಸಿತು,
ಕುರಿಯು ಉಣ್ಣೆ ಕೊಟ್ಟಿತು.
ಹೇಸರಗತ್ತೆ ಹಸಿದ ಬಾಯಿ
ಹಾಸಿದ ಹುಲ್ಲೇ ಮೆದ್ದಿತು.
ತಾಯಿ ನೊಂದು ನುಡಿದಳಾಗ:
ನಿನ್ನ ಮಡಿಲು ಬರಿದಿರಲಿ...

ಅಷ್ಟು ಹೊತ್ತಿಗೆ ಚಪ್ಪರದ ಕೆಳಗಿನ ಕಣ್ಣುಗಳೆಲ್ಲ ಕ್ಲೊರಿಂದಳ ಹೊಟ್ಟೆಯ ಮೇಲೆ ಇರುತ್ತಿದ್ದವು. ಅವಳು ಮುಖ ಮೇಲೆತ್ತಿ, ಇನ್ನೂ ಹಸಿರಾಗಿದ್ದ ದ್ರಾಕ್ಷಿ ಗೊಂಚಲುಗಳನ್ನು ನೋಡುತ್ತಿದ್ದಳು. ಎವಾರಿಸ್ತೊ ಅಪ್ಪನ ಬೀಳ್ಕೊಡುಗೆಯನ್ನು ಒಂದೇ ಉಸಿರಿಗೆ ಹೇಳಿ ಗಿಟಾರನ್ನು ಕೆಳಗಿಟ್ಟುಬಿಡುತ್ತಿದ್ದ.

ಹೀಗೆ ಅವರಿಬ್ಬರ ಕೂದಲೂ ಬೆಳ್ಳಗಾಯಿತು.

ಆ ಹೊತ್ತಿಗೆ ಒರ್ತೆನ್ಸಿಯಳ ಹಿರಿಯ ಮಗನಿಗೂ ಮದುವೆಯಾಗಿತ್ತು. ಸೊಸೆ ಎದೆಲ್ಮಿರಾ ನದಿಯಾಚೆಯ ಊರಿನವಳು, ಸದ್ದಿಲ್ಲದ ಹೆಣ್ಣು. ಕೆಲವು ಕೊಯ್ಲು ಕಳೆದರೂ ಅವಳ ಮಡಿಲು ತುಂಬಲಿಲ್ಲ. ಒರ್ತೆನ್ಸಿಯಳ ನಗು ನಿಂತುಹೋಯಿತು. ಮೇಣದಬತ್ತಿ ಹಚ್ಚಿದಳು, ಬೇರು ಕುದಿಸಿ ಕುಡಿಸಿದಳು. ಕೊನೆಗೆ ಒಂದು ದಿನ ನೇರ ದೋನ್ ಫ್ರೊಯಿಲಾನ್ ಮನೆಗೆ ಹೋದಳು. ನಾನು ಅಲ್ಲೇ ಕೂತು ಮಾತೆ ಸೊಪ್ಪಿನ ಕಷಾಯ ಹೀರುತ್ತಿದ್ದೆ.

"ಹುಂಜ ನಮ್ಮನೇದು. ಪ್ರತಿ ವರ್ಷ ಆ ಶಾಪದ್ದು ಹಾಡಿ ಮುಗಿಸಿದ ಮರುಕ್ಷಣ ನನ್ನ ಸೊಸೆ ಹುಂಜ ಹಿಡ್ಕೊಂಡು ಅದರ ಪಕ್ಕ ಹೋಗಿ ನಿಲ್ಬೇಕು. ಸೋಕದೇ ಇರುತ್ತಾ ದೋನ್ ಫ್ರೊಯಿಲಾನ್? ದೇವರ ಮನೇಲಿ ಶಾಪ ಯಾಕೆ ಇಟ್ಕೋಬೇಕು? ತೆಗೆದುಬಿಡಿ ಅದನ್ನ."

ದೋನ್ ಫ್ರೊಯಿಲಾನ್ ಹಾಡಿನ ವಿಷಯದಲ್ಲಿ ಕಲ್ಲಿನಂಥ ಮನುಷ್ಯ. ಆದರೆ ಪ್ರತಿ ವರ್ಷ ಆ ಮೂರನೆಯ ನುಡಿ ಕೇಳಿ ಕೇಳಿ ಅವರಿಗೂ ಸಾಕಾಗಿತ್ತೆಂದು ಕಾಣುತ್ತದೆ. "ಪದ ತಿದ್ದೋ ಹಾಗಿಲ್ಲ," ಅಂದರು. "ಪದಾನೇ ಬಿಟ್ಟುಬಿಟ್ರೆ ತಿದ್ದಿದ ಹಾಗಾಗಲ್ಲ. ಈ ಸಲ ಎತ್ತಿನ ಹಿಂದೆ ಕುರಿ, ಕುರಿ ಹಿಂದೆ ಹುಂಜ." ಆಮೇಲೆ ನನ್ನ ಕಡೆ ನೋಡಿ, "ನಿನ್ನ ಕೊಂಪಾದ್ರೆಗೆ ನೀನೇ ಹೇಳ್ಬಿಡಪ್ಪಾ. ಇದು ಅವರಿಗೂ ಒಳ್ಳೇದೇ," ಅಂದರು.

ಒಳ್ಳೆಯದೇ ಎಂದು ನನಗೂ ಅನ್ನಿಸಿತು. ಸಿಹಿಸುದ್ದಿ ಒಯ್ಯುವವನ ಹಾಗೆ ಹೋದೆ. ಎವಾರಿಸ್ತೊ ಹಿತ್ತಲಲ್ಲಿ ಕೂತು ಜೀನಿಗೆ ಹೊಲಿಗೆ ಹಾಕುತ್ತಿದ್ದ. ಕ್ಲೊರಿಂದ ಹುರಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಹೇಳಿ ಮುಗಿಸಿದೊಡನೆ ಅವನ ಭುಜ ಹಗುರಾದದ್ದು ಕಣ್ಣಿಗೆ ಕಂಡಿತು.

"ಅಂತೂ ಆ ನುಡಿ ನನ್ನ ನಾಲಿಗೆ ಬಿಡ್ತು," ಅಂದ. "ಕೂತ್ಕೋ ಕೊಂಪಾದ್ರೆ. ಮುದುಕೀ, ಇವನಿಗೊಂದು ಲೋಟ ರಸ ಕೊಡು."

ಕ್ಲೊರಿಂದ ಜರಡಿಯನ್ನು ಕೆಳಗಿಟ್ಟಳು. "ಯಾತಕ್ಕೆ ರಸ? ನಮ್ಮನ್ನ ಹೊರಕ್ಕೆ ಹಾಕಿದ್ದಕ್ಕಾ?"

"ಹೊರಕ್ಕೆ ಯಾರೇ ಹಾಕಿದ್ರು? ಇನ್ಮೇಲೆ ಜನ ನಿನ್ನ ಹಂಗೆ ನೋಡೋದು ತಪ್ಪುತ್ತೆ ಅಂತ..."

"ನೋಡ್ಲಿ! ಇಷ್ಟು ವರ್ಷ ನೋಡಿ ನಾನೇನು ಸವೆದುಹೋದ್ನಾ? ಶಾಪ ಹಾಕಿದ್ರೂ ಅದು ಕೊಟ್ಟಿಗೆ ಒಳಗೇ ಇತ್ತು ಕಣೋ. ಕಂದನ ಮಗ್ಗುಲಲ್ಲೇ ಇತ್ತು. ಮರಿಯಮ್ಮ ತಾಯಿ ಬೈದಳೇ ಹೊರತು ಬಾಗಿಲಾಚೆ ದಬ್ಬಲಿಲ್ಲ. ಈಗ ನೀವು ದಬ್ತಿದೀರಿ."

"ಪ್ರತಿ ಸಲ ನೀನು ಮುಖ ಎತ್ತಿ ಚಪ್ಪರ ನೋಡ್ತಾ ನಿಲ್ತೀಯಲ್ಲೇ. ನನಗೆ ಕಾಣಲ್ವಾ?"

"ಜನ ನನ್ನ ಹೊಟ್ಟೆ ನೋಡ್ತಿರ್ತಾರೆ, ನಾನೇನು ಅವರ ಮೂತಿ ನೋಡ್ಲಾ? ಚಪ್ಪರ ನೋಡ್ತೀನಿ. ನೀನು ಹಾಡಿ ಮುಗಿಸಿದ್ಮೇಲೆ ಅದನ್ನ ತಗೊಂಡೋಗಿ ಹುಲ್ಲಿನ ಮೇಲೆ ಇಡೋಳು ನಾನು. ಆ ಕಂದನ ಕಾಲಿಗೆ ನನ್ನ ಕೈ ತಾಗುತ್ತೆ. ಬೇರೆ ಯಾರು ನನ್ನ ಕೈನ ಅಷ್ಟು ಹತ್ರಕ್ಕೆ ಬಿಟ್ಟಿದಾರೆ ಈ ಊರಲ್ಲಿ? ಇವನ ಮಗಳೊಬ್ಬಳನ್ನ ಬಿಟ್ರೆ?"

ಎವಾರಿಸ್ತೊ ಸೂಜಿಯನ್ನು ಜೀನಿಗೆ ಚುಚ್ಚಿಟ್ಟ. ಅವಳಿಗೆ ನೋವಾಗುತ್ತದೆಂದು ಅವನು ಇಷ್ಟು ವರ್ಷ ನುಡಿ ನುಂಗಿ ಹಾಡಿದ್ದ. ಅವಳು ಆ ನುಡಿ ಮುಗಿಯುವುದನ್ನೇ ಕಾಯುತ್ತ ನಿಂತಿದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಇದನ್ನು ಒಂದು ದಿನವೂ ಮಾತಾಡಿರಲಿಲ್ಲ. ಆದರೂ ಅವನ ಹಟ ಕರಗಲಿಲ್ಲ. "ಶಾಪದ ನುಡಿ ಇನ್ನೊಂದ್ಸಲ ನನ್ನ ಬಾಯಿಂದ ಬರಲ್ಲ," ಅಂದುಬಿಟ್ಟ. ಕ್ಲೊರಿಂದ ಒಳಗೆ ಹೋದಳು. ನನಗೆ ಲೋಟ ಸಿಗಲಿಲ್ಲ.

ಕ್ರಿಸ್‌ಮಸ್ ಮಧ್ಯಾಹ್ನ ಎಂದಿನಂತೆ ಚಪ್ಪರ ತುಂಬಿತು. ಕಲ್ಲಂಗಡಿ ನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು. ಗೋದಲಿಯ ಸುತ್ತ ಗೋಧಿ ಮೊಳಕೆಯ ಡಬ್ಬಿಗಳು ಒತ್ತೊತ್ತಾಗಿ ಕೂತಿದ್ದವು. ಕಾಮಕಸ್ತೂರಿಯ ಘಮಕ್ಕೆ ಜೇನುನೊಣಗಳು ಗುಂಯ್‌ಗುಡುತ್ತಿದ್ದವು. ಎವಾರಿಸ್ತೊ ಬಂದಿದ್ದ, ಒಗೆದ ಅಂಗಿ ತೊಟ್ಟು, ಗಿಟಾರ್ ಇಲ್ಲದೆ. ವೃತ್ತದಲ್ಲಿ ಕೂರದೆ ಕಂಬಕ್ಕೆ ಒರಗಿ ನಿಂತ. ದೋನ್ ಫ್ರೊಯಿಲಾನ್ ಎತ್ತಿನ ಪದ ಹಾಡಿದರು, ಅವರ ಹೆಂಡತಿ ಎತ್ತನ್ನು ಇಟ್ಟಳು. ನಾನು ಕುರಿಯ ಪದ ಹಾಡಿದೆ, ನನ್ನ ಹೆಂಡತಿ ಕುರಿಯನ್ನು ಇಟ್ಟಳು. ದೋನ್ ಫ್ರೊಯಿಲಾನ್ ಒರ್ತೆನ್ಸಿಯಳ ಗಂಡನ ಕಡೆ ಗದ್ದ ಆಡಿಸಿ ಸನ್ನೆ ಮಾಡಿದರು. ಹುಂಜದ ಸರದಿ.

ಅಷ್ಟರಲ್ಲಿ ಕ್ಲೊರಿಂದ ಹೆಂಗಸರ ಸಾಲಿನಿಂದ ಮುಂದೆ ಬಂದಳು. ಕೈಯಲ್ಲಿ ಬೊಂಬೆ, ಬಿಳಿ ಬಟ್ಟೆ ಸುತ್ತಿತ್ತು.

"ನಮ್ಮನೇದು ಉಳೀತು ದೋನ್ ಫ್ರೊಯಿಲಾನ್."

"ಹೇಳಿ ಕಳಿಸಿದ್ನಲ್ಲಮ್ಮಾ ಕ್ಲೊರಿಂದ. ಈ ವರ್ಷ ಅದಿಲ್ಲ."

"ಯಾಕಿಲ್ಲ ಅಂತ ಅದಕ್ಕೊಂದು ಮಾತು ಹೇಳ್ಬೇಡ್ವಾ? ತಪ್ಪು ಏನು ಮಾಡ್ತು?"

ಒರ್ತೆನ್ಸಿಯ ತಡೆಯಲಾರದೆ ಹೇಳಿದಳು: "ಏನು ಮಾಡ್ತಾ? ಕಂದನ ಹಾಸಿಗೆ ತಿಂತು! ನಿನ್ನ ಗಂಡನೇ ವರ್ಷವರ್ಷ ಹಾಡಿಲ್ವೇನೇ?"

"ಹಾಡಿದಾನೆ. ಹಿರಿಯರು ಕಟ್ಟಿದ್ದನ್ನ ಹಾಡಿದಾನೆ. ಹಿರಿಯರು ಬಾಗಿಲಲ್ಲಿ ನಿಂತು ನೋಡಿದಾರೆ, ಹುಲ್ಲಿಗೆ ಬಾಯಿ ಹಾಕಿದ್ದು ಕಂಡಿದೆ, ಹಾಡು ಕಟ್ಟಿದಾರೆ. ನಾನು ಹತ್ರದಿಂದ ನೋಡಿದೀನಿ." ಅವಳು ಬೊಂಬೆಯ ಬಟ್ಟೆ ಬಿಚ್ಚಿದಳು. "ಮದ್ವೆಯಾದ ಮೇಲೆ ಒಂದು ಬೇಸಿಗೆ ನಾನೂ ಇವನ ಜೊತೆ ಬೆಟ್ಟದ ಮೇಲಿದ್ದೆ, ಕಲ್ಲಿನ ಗುಡಿಸಲಲ್ಲಿ. ಗಂಟೆಕುದುರೆ ಅಲ್ಲೇ ಮರಿ ಹಾಕ್ತು. ಚಳಿ ಅಂತ ಒಳಗೇ ಹುಲ್ಲು ಹಾಸಿ, ಮರೀನ ಮಲಗ್ಸಿ, ಮೇಲೂ ಹುಲ್ಲು ಹೊದಿಸಿದ್ವಿ. ತೆಂಕಾ ಅಂತ ಒಂದು ಹೇಸರಗತ್ತೆ ಇತ್ತು, ಅದು ಮರಿ ಬಿಟ್ಟು ಕದಲ್ತಿರಲಿಲ್ಲ. ಹೆರದೇ ಇರೋ ಜಾತಿ, ಬೇರೆಯವರ ಮರಿ ಕಂಡ್ರೆ ಅದಕ್ಕೆ ಹುಚ್ಚು. ಮೂತಿ ಚಾಚೋದು, ತುಟೀಲಿ ಒಂದೊಂದೇ ಹುಲ್ಲು ಹಿಡ್ದು ಪಕ್ಕಕ್ಕೆ ಇಡೋದು. ಮುಖದ ಮೇಲಿಂದ ತೆಗೆಯೋದು. ತೆಗೆದು, ಮೂಸಿ, ಸುಮ್ನೆ ನೋಡ್ತಾ ನಿಲ್ಲೋದು. ಒಂದು ಎಳೇನೂ ನುಂಗಲಿಲ್ಲ. ಹುಲ್ಲು ಪಕ್ಕದಲ್ಲಿ ಗುಡ್ಡೆಯಾಗಿತ್ತು, ನಾನೇ ನೋಡಿದೀನಿ."

ಹೇಸರಗತ್ತೆ ಸಾಕಿದವರು ನಮ್ಮಲ್ಲಿ ಬಹಳ ಜನ. ಇನ್ನೊಬ್ಬರ ಮರಿಗಾಗಿ ಹೇಸರಗತ್ತೆ ಬೇಲಿ ಮುರಿಯುವುದನ್ನು ನಾವೆಲ್ಲ ಕಂಡಿದ್ದೆವು. ಅದನ್ನು ಈ ಪದದ ಪಕ್ಕದಲ್ಲಿಟ್ಟು ಯಾರೂ ನೋಡಿರಲಿಲ್ಲ.

ಕಂಬದ ಹತ್ತಿರದಿಂದ ಎವಾರಿಸ್ತೊನ ದನಿ ಬಂತು. "ನಾನು ಅದಕ್ಕೆ ಹೊಡೆದೆ."

ಎಲ್ಲರೂ ತಿರುಗಿದರು.

"ಮರಿ ಹಾಸಿಗೆ ತಿಂತಿದೆ ಅಂತ ಹಗ್ಗ ತಗೊಂಡು ಬಾರಿಸಿದೆ. ಪದ ತಲೇಲಿತ್ತು. ಹೇಸರಗತ್ತೆ ಹುಲ್ಲಿಗೆ ಬಾಯಿ ಹಾಕಿದ್ರೆ ತಿನ್ನೋಕೇ ಅಂತ. ಪಕ್ಕದಲ್ಲಿ ಗುಡ್ಡೆ ಇದ್ದದ್ದು ನನಗೆ ಕಾಣಲೇ ಇಲ್ಲ." ಅವನು ಹೆಂಡತಿಯ ಕಡೆ ನೋಡಿದ. "ನೀನ್ಯಾಕೆ ಆವಾಗ್ಲೇ ಹೇಳ್ಲಿಲ್ಲ?"

"ಹೊಸದಾಗಿ ಬಂದೋಳು ನಾನು. ಹೇಸರಗತ್ತೆ ವಿಷ್ಯದಲ್ಲಿ ನಿನಗೆ ಬುದ್ಧಿ ಹೇಳ್ಲಾ?"

ಯಾರೋ ಒಬ್ಬರು ನಕ್ಕು, ಅರ್ಧಕ್ಕೆ ನಿಲ್ಲಿಸಿದರು. ದೋನ್ ಫ್ರೊಯಿಲಾನ್ ತಮ್ಮ ಗಿಟಾರಿನ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಕೂತಿದ್ದರು. ದೇವರ ಪದಕ್ಕೆಂದೇ ಮಾಡಿದ ಆ ದೊಡ್ಡ ಗಿಟಾರಿಗೆ ಇಪ್ಪತ್ತೈದು ತಂತಿ. ಅವರು ಅದನ್ನು ಸ್ವಂತ ಮಕ್ಕಳ ಕೈಗೂ ಕೊಡುತ್ತಿರಲಿಲ್ಲ.

"ಹಿರಿಯರ ನುಡಿ ಹಿರಿಯರ ನುಡಿ," ಅಂದರು. "ಅದರಲ್ಲಿ ಹುಲ್ಲು ತಿಂತು ಅಂತಿದೆ. ಅದನ್ನ ನಾನೂ ತಿದ್ದಲ್ಲ, ನೀವೂ ತಿದ್ದಂಗಿಲ್ಲ. ಬಿಡೋದು ಅಂದಿದ್ದು ನನ್ನ ತಪ್ಪು, ಬಿಡೋ ಹಾಗೂ ಇಲ್ಲ. ಹಾಡ್ಬೇಕು. ಆದ್ರೆ ಬೀಳ್ಕೊಡುಗೆ ಹಾಡುವವನದು." ಗಿಟಾರನ್ನು ಕತ್ತು ಹಿಡಿದು ಎತ್ತಿ ಎವಾರಿಸ್ತೊನ ಕಡೆ ಚಾಚಿದರು. "ಬಾ, ಕೂತ್ಕೋ."

ಎವಾರಿಸ್ತೊ ಬಂದು ಕೂತ. ನಾಲ್ಕೂ ನುಡಿಯನ್ನು ಹಾಡಿದ. ಮೂರನೆಯದನ್ನು ಈ ಸಲ ದನಿ ಇಳಿಸದೆ, ಶಾಪದ ಒಂದು ಅಕ್ಷರ ಬಿಡದೆ ಹಾಡಿದ. ಕ್ಲೊರಿಂದ ಚಪ್ಪರ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಬೀಳ್ಕೊಡುಗೆ. ಎವಾರಿಸ್ತೊ ನೆನಪಿನ ಹಾಡುಗ. ಕೇಳಿದ್ದನ್ನು ಸಾಯುವವರೆಗೆ ಮರೆಯುವವನಲ್ಲ, ಆದರೆ ಸ್ವಂತ ಒಂದು ಸಾಲು ಕಟ್ಟಿದವನೂ ಅಲ್ಲ. ತಂತಿ ಮೀಟುತ್ತ ಬಹಳ ಹೊತ್ತು ಕೂತ. ಹಣೆಯಿಂದ ಬೆವರು ಇಳಿಯಿತು. ಕೊನೆಗೆ ಶುರುಮಾಡಿದ:

ಹೋಗಿಬರುವೆ, ಎಳೆಯ ದೊರೆಯೆ,
ಹೊರೆಯ ಹೊತ್ತ ಮೂಗಿ ಇವಳು.
ಮೇವು ಕದ್ದಳೆಂದೆವಲ್ಲ,
ಹುಲ್ಲ ಸರಿಸಿ ನೋಡಿದಳು.
ಹಾಲು ಕಾಣದವಳ ತುಟಿಯು
ಮೆಲ್ಲ ಹಣೆಗೆ ತಾಕಿತು.
ಹೊಡೆದ ಕೈಯಿ ನನ್ನದಯ್ಯಾ,
ಅವಳ ಬೆನ್ನು ತಾಳಿತು.

ಅಲ್ಲಿಗೆ ನಿಂತ. ಅವನಿಗೆ ಮುಂದೆ ಹೋಗಲಾಗಲಿಲ್ಲ. ಸುತ್ತಿನ ಹಿರಿಯ ಸಾಲುಗಳನ್ನು ಬೆರಳು ಮಡಿಸಿ ಎಣಿಸುವುದು ಪದ್ಧತಿ. ದೋನ್ ಫ್ರೊಯಿಲಾನ್‌ರ ಎರಡು ಬೆರಳು ಮಡಿಸದೆ ಉಳಿದಿದ್ದವು. ಹತ್ತು ಸಾಲು ತುಂಬದ ನುಡಿಗೆ ನಮ್ಮಲ್ಲಿ ಕುಂಟುನುಡಿ ಎನ್ನುತ್ತಾರೆ. ಕೇಳಿದವರು "ಕುಂಟು! ಕುಂಟು!" ಎಂದು ಕೂಗಿ, ಹಾಡಿದವನಿಗೆ ದೊಡ್ಡ ಲೋಟ ರಸವನ್ನು ಒಂದೇ ಗುಟುಕಿಗೆ ಕುಡಿಸಿ ಮಾನ ಕಳೆಯುತ್ತಾರೆ. ಅಂದು ಯಾರೂ ಕೂಗಲಿಲ್ಲ. ಗಿಟಾರ್ ಎವಾರಿಸ್ತೊನ ಕೈಯಲ್ಲೇ ಇತ್ತು. ನಾನು ನನ್ನದನ್ನು ಎತ್ತಿಕೊಂಡು, ಉಳಿದ ಎರಡು ಸಾಲಿನ ಜಾಗದಲ್ಲಿ ಮಾತಿಲ್ಲದೆ ರಾಗ ಮಾತ್ರ ನುಡಿಸಿ ಮುಗಿಸಿದೆ.

"ಇಡಮ್ಮಾ," ಅಂದರು ದೋನ್ ಫ್ರೊಯಿಲಾನ್.

ಗೋದಲಿಯಲ್ಲಿ ಜಾಗವೇ ಇರಲಿಲ್ಲ. ಹೇಸರಗತ್ತೆ ಬರುವುದಿಲ್ಲವೆಂದು ಅದರ ಜಾಗಕ್ಕೂ ಡಬ್ಬಿ ಇಟ್ಟಿದ್ದರು. ಹುಂಜ ಹಿಡಿದು ನಿಂತಿದ್ದ ಎದೆಲ್ಮಿರಾ ಬಗ್ಗಿ, ಗೋಧಿ ಮೊಳಕೆಯ ಡಬ್ಬಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಕ್ಲೊರಿಂದ ಮಂಡಿಯೂರಿ ಬೊಂಬೆಯನ್ನು ಇಟ್ಟಳು, ಕೈ ಹಿಂತೆಗೆಯಲು ಅವಸರ ಮಾಡಲಿಲ್ಲ.

"ಹುಂಜ ಕೂಗೋದು ಯಾವಾಗ?" ಅಂದಳು ಒರ್ತೆನ್ಸಿಯ. "ಹೊತ್ತು ಮುಳುಗಿದ್ಮೇಲಾ?" ಅವಳು ಒರಟಾಗಿಯೇ ಅಂದಳು. ಆದರೆ ಸೊಸೆಯನ್ನು ಅಲ್ಲಿಂದ ಎಳೆದುಕೊಳ್ಳಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಯುತ್ತದೆ. ಬೆಟ್ಟಕ್ಕೆ ಲಾರಿ ಹೋಗುವ ರಸ್ತೆ ಬಂತು. ಹೇಸರಗತ್ತೆಗಳನ್ನು ಎವಾರಿಸ್ತೊ ಒಂದೊಂದಾಗಿ ಮಾರಿದ. ಗಂಟೆಕುದುರೆಯನ್ನು ಮಾತ್ರ ಮಾರದೆ ಹಿತ್ತಲಲ್ಲಿ ಮುದಿಯಾಗಲು ಬಿಟ್ಟ. ಒಂದು ಮಳೆಗಾಲ ಎದೆಯಲ್ಲಿ ಕಫ ಕಟ್ಟಿ ಹೋದ. ಅವನ ಪದವನ್ನು ನಾನು ಹಾಡತೊಡಗಿದೆ, ನಾಲ್ಕು ನುಡಿಯ ಜೊತೆ ಅವನ ಕುಂಟುನುಡಿಯನ್ನೂ. ಅದನ್ನು ಬೀಳ್ಕೊಡುಗೆ ಎನ್ನುವವರು ಈಗ ಇಲ್ಲ. ಅದೂ ಹಿರಿಯರ ಸಾಲಿಗೆ ಸೇರಿಹೋಗಿದೆ. ಬಸುರಿಯರು ಕ್ಲೊರಿಂದಳ ಬೇಲಿಯ ಪಕ್ಕದಲ್ಲೇ ನಡೆಯತೊಡಗಿದರು, ಕೆಲವರು ಒಳಗೂ ಬರುತ್ತಿದ್ದರು. ಎಲ್ಲರೂ ಬದಲಾದರೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಅತ್ತೆ ಸಾಯುವವರೆಗೂ ರಸ್ತೆ ದಾಟಿಯೇ ಹೋದಳು. ಎದೆಲ್ಮಿರಾಗೆ ಮಕ್ಕಳಾಗಲಿಲ್ಲ. ಅವಳು ಸಂಜೆ ಹೊತ್ತು ಬಂದು ಕ್ಲೊರಿಂದಳ ಜೊತೆ ಜೋಳ ಬಿಡಿಸುತ್ತ ಕೂರುತ್ತಿದ್ದಳು. ಇಬ್ಬರೂ ಯಾವುದಕ್ಕೋ ಗಟ್ಟಿಯಾಗಿ ನಗುವುದು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ನನ್ನ ಗಂಟಲು ಒಡೆದ ಮೇಲೆ ಪದವನ್ನು ದೋನ್ ಫ್ರೊಯಿಲಾನ್‌ರ ಅಣ್ಣನ ಮೊಮ್ಮಗ ಎಲಿಸೆಯೊಗೆ ಕಲಿಸಿದೆ. ಒಳ್ಳೆಯ ಹಾಡುಗ, ಕಟ್ಟುವುದರಲ್ಲೂ ಗಟ್ಟಿಗ. ಕುಂಟುನುಡಿ ಅವನ ಕಿವಿಯನ್ನು ಕೆರೆಯುತ್ತಿತ್ತು. ಒಂದು ಕ್ರಿಸ್‌ಮಸ್‌ನಲ್ಲಿ ಯಾರನ್ನೂ ಕೇಳದೆ ಎರಡು ಸಾಲು ಕಟ್ಟಿ ಸೇರಿಸಿ ಹಾಡಿದ. ಸುಳ್ಳು ಹೇಳಬಾರದು, ಸೊಗಸಾಗಿತ್ತು. ಹತ್ತೂ ಸಾಲು ಹೊಸ ಗಾಡಿಯ ಚಕ್ರದ ಹಾಗೆ ಉರುಳಿತು. ಚಪ್ಪರದ ಕೆಳಗೆ ಶಭಾಷ್ ಎಂದರು. ಕ್ಲೊರಿಂದ ಆಗ ಕುರ್ಚಿಯಲ್ಲೇ ಕೂತು ಬೊಂಬೆ ಹಿಡಿಯುವಷ್ಟು ಹಣ್ಣಾಗಿದ್ದಳು. ಹಾಡು ಮುಗಿದ ಮೇಲೆ ಎಲಿಸೆಯೊನನ್ನು ಹತ್ತಿರ ಕರೆದಳು. ಅವನು ಹೊಗಳಿಕೆಗೆ ತಲೆ ಬಾಗಿಸಿ ನಿಂತ.

"ಚೆನ್ನಾಗಿ ಕಟ್ಟಿದೀಯ ಮಗಾ," ಅಂದಳು. "ಎವಾರಿಸ್ತೊಗೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ಆದ್ರೆ ಅಲ್ಲಿ ಅವನು ಬಾಯಿ ತೆರ್ಕೊಂಡು ನನ್ನ ಮುಖ ನೋಡ್ತಿದ್ದ. ಮುಂದಿನ್ವರ್ಷ ಅಲ್ಲಿ ಸುಮ್ನಿದ್ದುಬಿಡು."

ಮುಂದಿನ ವರ್ಷ ಕ್ಲೊರಿಂದ ಇರಲಿಲ್ಲ, ಬೊಂಬೆ ತಂದವಳು ಎದೆಲ್ಮಿರಾ. ಎಂಟನೆಯ ಸಾಲು ಮುಗಿದಾಗ ಎಲಿಸೆಯೊ ಬಾಯಿ ಮುಚ್ಚಿ, ತಂತಿಗಳನ್ನಷ್ಟೇ ಮೀಟಿದ.